ಮೊದಲ ಕಂಪನಕ್ಕೆ ಬೀಳದ ಮನೆಯನ್ನೂ ನಂಬಬೇಡಿ

ಮಾನ್ಯ ಸಂಪಾದಕರೇ,

ನಾನಿರುವ ಜಪಾನಿನಲ್ಲಿ ಭೂಮಿ ನಡುಗಿದ ಸುದ್ದಿ ಬಂದಾಗಲೆಲ್ಲ ಊರಿನಿಂದ ಫೋನ್ ಮಾಡುವ ನೆಂಟರು ಹೇಳುವುದು ಒಂದೇ ಮಾತು: 'ಅಲ್ಲಿ ಮರದ ಮನೆಗಳಲ್ವಾ, ಏನೂ ಆಗಲ್ಲ ಬಿಡು.' ಇಲ್ಲಿಗೆ ಕೆಲಸಕ್ಕೆ ಬರುವ ನಮ್ಮ ಹುಡುಗರೂ ಅದನ್ನೇ ನಂಬಿ, ಬಾಡಿಗೆ ಕಡಿಮೆಯೆಂದು ಹಳೆಯ ಮರದ ಮನೆ ಹಿಡಿಯುತ್ತಾರೆ. ಇದು ಜೀವಕ್ಕೇ ಎರವಾಗುವ ನಂಬಿಕೆ.

2016ರ ಏಪ್ರಿಲ್ 14ರ ರಾತ್ರಿ ಕುಮಾಮೊಟೊದಲ್ಲಿ 6.5 ತೀವ್ರತೆಯ ಭೂಕಂಪವಾಯಿತು. ಮಶಿಕಿ ಪಟ್ಟಣದ ಎಷ್ಟೋ ಮರದ ಮನೆಗಳು ಅದಕ್ಕೆ ಬೀಳಲಿಲ್ಲ. ದೊಡ್ಡದು ಮುಗಿಯಿತು, ಇನ್ನು ಬರುವುದೆಲ್ಲ ಚಿಕ್ಕವು ಎಂದುಕೊಂಡು ಕೆಲವರು ಮನೆಗೆ ಮರಳಿ ಮಲಗಿದರು. ಸುಮಾರು 28 ಗಂಟೆ ಕಳೆದು, 16ರ ನಸುಕಿನ 1.25ಕ್ಕೆ 7.3ರ ಕಂಪನ ಬಂತು. ಎರಡರಲ್ಲೂ ಸೇರಿ ನೇರವಾಗಿ ಸತ್ತವರು 50 ಜನ. ಅವರಲ್ಲಿ ಮೊದಲ ಕಂಪನಕ್ಕೆ ಬಲಿಯಾದವರು 9 ಮಂದಿ ಮಾತ್ರ.

ಮರದ ಮನೆಯ ಜೀವವೆಲ್ಲ ಕಂಬ-ತೊಲೆಗಳು ಸೇರುವ ಕೀಲುಗಳಲ್ಲಿದೆ. ಗೋಡೆಯೊಳಗೆ ಓರೆಯಾಗಿ ಹೊಡೆದ ಮರದ ಪಟ್ಟಿಯ ಮೊಳೆ ಸಡಿಲಗೊಂಡರೂ, ಕಂಬದ ಬುಡ ಅಡಿತೊಲೆಯಿಂದ ಮೇಲೆದ್ದರೂ ಹೊರಗಿನ ಗಾರೆಯಲ್ಲಿ ಕಾಣುವುದು ಕೂದಲೆಳೆಯ ಬಿರುಕಷ್ಟೇ. ಕೆಡವುತ್ತಿದ್ದ ಹಳೆಯ ಮನೆಯೊಂದರಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಕಂಬದ ತುದಿ ತಾನು ಕೂರುವ ತೂತಿನಿಂದ ಅರ್ಧ ಹೊರಬಂದಿತ್ತು, ಬುಡವನ್ನು ಗೆದ್ದಲು ತಿಂದಿತ್ತು. ಮೇಲೆ ಮಾತ್ರ ಭಾರದ ಹೆಂಚು ಒಂದೂ ಜಾರದೆ ಕೂತಿತ್ತು! ಅಂಥ ಮನೆ ಬೀಳಲು ಎರಡನೇ ಕಂಪನ ಮೊದಲಿನಷ್ಟು ಜೋರಾಗಿರಬೇಕಾಗಿಯೂ ಇಲ್ಲ.

ಕಟ್ಟಿದ ವರ್ಷ ಬಹಳ ಮುಖ್ಯ. 1981ರ ಜೂನ್‌ನಲ್ಲಿ ಇಲ್ಲಿನ ಕಟ್ಟಡ ನಿಯಮ ಬಿಗಿಯಾಯಿತು. 2000ದಲ್ಲಿ ಕೀಲುಗಳಿಗೆ ಲೋಹದ ಪಟ್ಟಿಗಳ ನಿಯಮವೂ ಕಟ್ಟುನಿಟ್ಟಾಯಿತು. ಮಶಿಕಿಯ ಸಮೀಕ್ಷೆಯಲ್ಲಿ 1981ಕ್ಕಿಂತ ಹಿಂದಿನ ಮರದ ಮನೆಗಳಲ್ಲಿ ಶೇ 28ರಷ್ಟು ಕುಸಿದಿದ್ದವು, 2000ದ ನಂತರದವುಗಳಲ್ಲಿ ಶೇ 2ರಷ್ಟು. ಹೀಗೆ ಪೆಟ್ಟಿನ ಮೇಲೆ ಪೆಟ್ಟು ಬೀಳುವುದು ಕುಮಾಮೊಟೊದಲ್ಲಿ ಮಾತ್ರವಲ್ಲ: ಜಪಾನಿನ ನೋಟೊ ಪರ್ಯಾಯ ದ್ವೀಪದ ಸುಝು ಊರಿಗೂ 2023ರ ಮೇಯಲ್ಲಿ ಭೂಕಂಪದ ಪೆಟ್ಟು ಬಿದ್ದಿತ್ತು, 2024ರ ಜನವರಿ 1ರಂದು ಮತ್ತೆ ಬಿತ್ತು.

ಆದ್ದರಿಂದ ಮನೆ ಹಿಡಿಯುವ ಮೊದಲು ಜಾಹೀರಾತಿನಲ್ಲಿರುವ ವರ್ಷ ನೋಡಿ. ಕಂಪನದ ಬಳಿಕ ಜಾರುಬಾಗಿಲು ಸಿಕ್ಕಿಕೊಳ್ಳುತ್ತಿದ್ದರೆ, ನೆಲ ವಾಲಿದಂತಿದ್ದರೆ ಒಳಗೆ ಮಲಗಬೇಡಿ. ಸ್ಥಳೀಯ ಆಡಳಿತದವರು ಪರೀಕ್ಷಿಸಿ 'ಒಳಗೆ ಹೋಗುವುದು ಅಪಾಯ' ಎನ್ನುವ ಕೆಂಪು ಕಾಗದ ಅಂಟಿಸಿದ್ದರೆ ಪಾಸ್‌ಪೋರ್ಟ್ ತರಲೆಂದೂ ಹೋಗಬೇಡಿ. ಇಲ್ಲಿನ ಕನ್ನಡ ಕೂಟಗಳು ಹೊಸದಾಗಿ ಬಂದವರಿಗೆ ದಯವಿಟ್ಟು ಇದನ್ನು ಮೊದಲ ಭೇಟಿಯಲ್ಲೇ ಹೇಳಲಿ.

– ಒಬ್ಬ ಓದುಗ, ಕುಮಾಮೊಟೊ, ಜಪಾನ್