ಪೋರ್ಟ್ ಬೇರೆ, ಏರ್‌ಪೋರ್ಟ್ ಬೇರೆ

ಮಾನ್ಯ ಸಂಪಾದಕರೇ,

ಹಾವೇರಿಯಲ್ಲಿರುವ ನನ್ನ ಅಕ್ಕ, ಭಾವ ಹೋದ ತಿಂಗಳು ಮಗನನ್ನು ದುಬೈ ವಿಮಾನ ಹತ್ತಿಸಲು ಮಂಗಳೂರಿಗೆ ಬಂದಿದ್ದರು. ಆ ಎರಡು ದಿನ ನಾನು ಊರಲ್ಲಿರಲಿಲ್ಲ. ಭಾವ ಫೋನಿನಲ್ಲೇ ಒಂದು ಲಾಡ್ಜ್ ಗೊತ್ತು ಮಾಡಿಕೊಂಡರು. "ಪೋರ್ಟಿಗೆ ಹತ್ತಿರವೇ ಉಂಟು" ಎಂದರಂತೆ ಅಲ್ಲಿಯವರು. ಭಾವನ ಕಿವಿಗೆ ಅದು ಏರ್‌ಪೋರ್ಟ್ ಅಂತಲೇ ಬಿತ್ತು.

ಲಾಡ್ಜ್ ಇದ್ದದ್ದು ಪಣಂಬೂರು ಕಡೆ, ಹಡಗು ಬರುವ ನವಮಂಗಳೂರು ಬಂದರಿನ ಹತ್ತಿರ. ವಿಮಾನ ಏರಬೇಕಾದದ್ದು ಕೆಂಜಾರಿನ ಗುಡ್ಡದ ಮೇಲೆ. ಬೆಳಗಿನ ಜಾವ ನಾಲ್ಕಕ್ಕೆ ಮೂರು ಜನ, ಎರಡು ದೊಡ್ಡ ಸೂಟ್‌ಕೇಸು, ಹುಡುಗನಿಗೆಂದು ಅಕ್ಕ ಕಟ್ಟಿದ ಕಡಕ್ ರೊಟ್ಟಿಯ ಡಬ್ಬ, ಎಲ್ಲ ಹಿಡಿದು ಹೆದ್ದಾರಿ ಬದಿ ನಿಂತಿದ್ದರು. ಕೊನೆಗೆ ಸಿಕ್ಕಿದ ರಿಕ್ಷಾದವರು ಮೀಟರ್ ಹಾಕದೆ 600 ರೂಪಾಯಿ ಕೇಳಿದರು. "ವಾಪಸ್ ಬಾಡಿಗೆ ಸಿಗುವುದಿಲ್ಲ" ಎಂಬುದು ಅವರ ಲೆಕ್ಕ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮೀಟರಿನ ಒಂದೂವರೆ ಪಟ್ಟು ಎಂಬ ನಿಯಮ ಭಾವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಹೊತ್ತಲ್ಲಿ ಜಗಳ ಆಡುತ್ತಾರಾ? ಕೊಟ್ಟರು.

ತಪ್ಪು ಭಾವನದ್ದೇ ಅನ್ನಿ. ಆದರೆ ಹೊರಗಿನಿಂದ ಬಂದವರಿಗೆ ನಮ್ಮ ಊರು ಎಷ್ಟು ಗೊಂದಲದ್ದು ಎಂದು ನಮಗೇ ಹೊಳೆಯುವುದಿಲ್ಲ. ಹಿಂದಿನ ದಿನ ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿದು ಹೊರಗೆ ಬಂದರೆ, ಕಂಡಕ್ಟರ್ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದು ಕೂಗುತ್ತಿದ್ದಾನೆ. ಭಾವ, "ನಮಗ ಬ್ಯಾಂಕ್ ಬ್ಯಾಡ್ರಿ, ಊರಾಗ ಹೋಗಬೇಕ್ರಿ" ಎಂದು ಎರಡು ಬಸ್ ಬಿಟ್ಟಿದ್ದಾರೆ! ಸ್ಟೇಟ್‌ಬ್ಯಾಂಕ್ ಅಂದರೆ ಸಿಟಿ ಬಸ್ಸುಗಳು ಹೊರಡುವ ಜಾಗ, ಊರಿನ ನಡುಮಧ್ಯ ಎಂದು ಅವರಿಗೆ ಯಾರು ಹೇಳಬೇಕು? ಜ್ಯೋತಿ ಎಂಬ ಸ್ಟಾಪಿಗೆ ಟಾಕೀಸಿನ ಹೆಸರು. ಪಂಪ್‌ವೆಲ್ ಸ್ಟಾಪಿನಲ್ಲಿ ಪಂಪೂ ಕಾಣದು, ಬಾವಿಯೂ ಕಾಣದು. ಇದೆಲ್ಲ ಊರಿನ ಚಂದ, ಬದಲಾಯಿಸಬೇಡಿ. ಬೋರ್ಡ್ ಮಾತ್ರ ಹಾಕಿ.

ರೈಲಿನದ್ದೂ ಇದೇ ಕಥೆ. ಮಂಗಳೂರು ಸೆಂಟ್ರಲ್ ಪೇಟೆ ನಡುವಿನ ಹಂಪನಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಮಂಗಳೂರು ಜಂಕ್ಷನ್ ಇರುವುದು ಪೇಟೆಯಿಂದ ದೂರ, ಪಡೀಲ್ ಹತ್ತಿರ. ನಮ್ಮಲ್ಲಿ ಕೆಲವರು ಇನ್ನೂ ಅದನ್ನು ಕಂಕನಾಡಿ ಸ್ಟೇಷನ್ ಎನ್ನುತ್ತಾರೆ, ಆದರೆ ಅದು ಕಂಕನಾಡಿ ಪೇಟೆಯಲ್ಲಿಲ್ಲ. ಟಿಕೆಟಿನಲ್ಲಿ ಯಾವುದಿದೆ ಎಂದು ನೋಡದೆ ರೂಮ್ ಮಾಡಿದರೆ ಮತ್ತೆ ರಿಕ್ಷಾ, ಮತ್ತೆ ಚೌಕಾಸಿ.

ಹಾಗಾಗಿ ಬರುವವರಿಗೆ ನನ್ನದೊಂದು ಮಾತು. ಬರೀ ವಿಮಾನಕ್ಕಾಗಿ ಬರುತ್ತಿದ್ದರೆ ಕಾವೂರು, ಬೋಂದೆಲ್, ಯೆಯ್ಯಾಡಿ ಕಡೆ ಅಥವಾ ಏರ್‌ಪೋರ್ಟ್ ಪಕ್ಕದ ಬಜ್ಪೆಯಲ್ಲೇ ಉಳಿಯಿರಿ. ಎರಡು ದಿನ ಇದ್ದು ಕದ್ರಿ, ಕುದ್ರೋಳಿ, ಮಂಗಳಾದೇವಿ ಅಂತ ದೇವಸ್ಥಾನ ತಿರುಗುವುದಾದರೆ ಹಂಪನಕಟ್ಟೆಯೇ ಸರಿ. ಊಟ, ಬಸ್, ರೈಲು ಎಲ್ಲ ಕಾಲಬುಡದಲ್ಲಿ. ಸಮುದ್ರವೇ ಬೇಕೆಂದರೆ ಪಣಂಬೂರು, ಸುರತ್ಕಲ್. ಆದರೆ ಅಲ್ಲಿಂದ ವಿಮಾನಕ್ಕೆ ಹೋಗುವವರು ಕಾರನ್ನು ಹಿಂದಿನ ರಾತ್ರಿಯೇ ಹೇಳಿಟ್ಟುಕೊಳ್ಳಿ. ಕೂಳೂರಿಗೆ ಬಂದು ಕಾವೂರಿಗೆ ತಿರುಗಿ ಮರವೂರು ಸೇತುವೆ ದಾಟಿ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಜೋರು ಮಳೆ ಬಂದರೆ ಪೇಟೆಯಿಂದ ಹೊರಟವರಿಗೆ ಕೊಟ್ಟಾರ ಚೌಕಿಯಲ್ಲಿ ನೀರು. 2021ರ ಜೂನ್‌ನಲ್ಲಿ ಮರವೂರು ಸೇತುವೆಯ ಕಂಬವೇ ಕುಸಿದು, ಗುರುಪುರ ಕೈಕಂಬ ಸುತ್ತಿ ಬಜ್ಪೆಗೆ ಹೋಗಬೇಕಾಗಿ ಬಂದದ್ದು ನಮಗಿನ್ನೂ ಮರೆತಿಲ್ಲ.

ಇನ್ನು ಬಸ್. ಪೇಟೆಯಿಂದ ಬಜ್ಪೆ ಕಡೆಗೆ ಸಿಟಿ ಬಸ್ಸುಗಳಿವೆ, ಟಿಕೆಟ್ ದರವೂ ಅಗ್ಗ. ಆದರೆ ಅವು ಕೆಂಜಾರಿನಲ್ಲಿ ಇಳಿಸಿ ಮುಂದೆ ಹೋಗುತ್ತವೆ. ಅಲ್ಲಿಂದ ಮೇಲಕ್ಕೆ ಏರು ರಸ್ತೆ. ಕೈಬೀಸಿಕೊಂಡು ಬಂದವರು ನಡೆದಾರು, ಗಲ್ಫಿಗೆ ಹೊರಟವರು 30 ಕಿಲೋ ಸೂಟ್‌ಕೇಸ್ ಎಳೆದುಕೊಂಡು ನಡೆಯಲು ಆಗುತ್ತಾ? ನೆಹರೂ 1951ರಲ್ಲಿ ಬಂದಿಳಿದ ಏರ್‌ಪೋರ್ಟ್ ಇದು. ಹೊಸ ಟರ್ಮಿನಲ್ ಆಗಿಯೂ 2010ರಿಂದ ಇಷ್ಟು ವರ್ಷವಾಯಿತು. ವಿಮಾನದ ಸಮಯಕ್ಕೆ ಹೊಂದಿಕೊಂಡು ಟರ್ಮಿನಲ್ ಬಾಗಿಲಿನಿಂದ ಕಾವೂರು, ಬಿಜೈ, ಸ್ಟೇಟ್‌ಬ್ಯಾಂಕ್, ಜಂಕ್ಷನ್ ಮುಟ್ಟುವ, ಲಗೇಜ್ ಇಡಲು ಜಾಗವಿರುವ ಒಂದು ಬಸ್ಸು ನಿತ್ಯ ಓಡಬೇಕು. ಬಿಟ್ಟು ನಾಲ್ಕು ತಿಂಗಳಿಗೆ ಜನ ಇಲ್ಲ ಅಂತ ನಿಲ್ಲಿಸುವುದಲ್ಲ. ಬಸ್ಸು ಇದೆ ಎಂದು ಜನರಿಗೆ ಗೊತ್ತಾಗಲಿಕ್ಕೇ ಒಂದು ವರ್ಷ ಬೇಕು.

ಪಣಂಬೂರಿಗೆ ವಿದೇಶಿ ಪ್ರವಾಸಿಗರ ಹಡಗು ಬಂದ ದಿನ ಚೆಂಡೆ, ಯಕ್ಷಗಾನದ ವೇಷ, ಸಾಲಾಗಿ ನಿಂತ ಬಸ್ಸು, ದಾರಿ ತೋರಿಸಲು ಜನ, ಎಲ್ಲ ಇರುತ್ತದೆ. ಒಳ್ಳೆಯದೇ. ಹಾವೇರಿ, ಕೊಪ್ಪಳದಿಂದ ರಾತ್ರಿ ಬಂದಿಳಿಯುವವರಿಗೆ ಚೆಂಡೆ ಬೇಡ. ಟರ್ಮಿನಲ್ ಹೊರಗೆ, ಎರಡೂ ರೈಲು ನಿಲ್ದಾಣಗಳಲ್ಲಿ, ಬಿಜೈಯಲ್ಲಿ ಕನ್ನಡದ ಒಂದೊಂದು ದೊಡ್ಡ ಬೋರ್ಡ್ ಸಾಕು. ಯಾವ ಸ್ಟಾಪಿನ ಹೆಸರು ಯಾವ ಜಾಗ, ಏರ್‌ಪೋರ್ಟಿಗೆ ಎಷ್ಟು ಕಿಲೋಮೀಟರ್, ಹಗಲು ಮೀಟರ್ ಎಷ್ಟು, ರಾತ್ರಿ ಎಷ್ಟು, ಇಷ್ಟು ಬರೆದರೆ ಆಯಿತು. ಲಾಡ್ಜಿನವರೂ ಫೋನಿನಲ್ಲಿ "ಹತ್ತಿರ" ಎನ್ನುವ ಬದಲು ಕಿಲೋಮೀಟರ್ ಹೇಳಲಿ.

ಮಳೆಗಾಲಕ್ಕೆ ಮೊದಲು ಬೋರ್ಡ್ ಆದರೂ ಬರಲಿ. ಅಷ್ಟರಲ್ಲಿ ಹುಡುಗ ರಜೆಗೆ ಬರುತ್ತಾನೆ, ಕರೆದುಕೊಂಡು ಹೋಗಲು ಭಾವ ಮತ್ತೆ ಬಿಜೈಯಲ್ಲಿ ಇಳಿಯುತ್ತಾರೆ.

ಇತಿ,
ಬೋಂದೆಲ್‌ನ ಓದುಗ, ಮಂಗಳೂರು