ಹೊರಗಿನಿಂದ ಬರುವ ಸಂಪರ್ಕ ನಿಂತುಹೋಗಿರುವ ಬಗ್ಗೆ, ಮತ್ತು ಸರಿಪಡಿಸದೆಯೇ ಮೂರು ಸಲ ಮುಚ್ಚಿದ ದೂರಿನ ಬಗ್ಗೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ನಿಮ್ಮ ಬ್ರಾಡ್‌ಬ್ಯಾಂಡ್ ಗ್ರಾಹಕ. ನನ್ನ ದೂರನ್ನು ನೀವು ಈಗಾಗಲೇ ಮೂರು ಸಲ ‘ಪರಿಹರಿಸಲಾಗಿದೆ’ ಎಂದು ಮುಚ್ಚಿದ್ದೀರಿ. ಮೂರು ಸಲವೂ ಏನೂ ಪರಿಹಾರವಾಗಿರಲಿಲ್ಲ. ಕೊನೆಯ ಸಲವಂತೂ ಕರೆಯಲ್ಲಿ ಮಾತಾಡುತ್ತಿರುವಾಗಲೇ ‘ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ’ ಎಂಬ ಮೆಸೇಜು ಬಂತು. ಅದಕ್ಕೇ ಫೋನು ಬಿಟ್ಟು ಬರೆಯಲು ಕೂತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಪೂರ್ತಿ ಓದಿ, ನೆಟ್‌ವರ್ಕಿನ ಕೆಲಸ ಬಲ್ಲವರೊಬ್ಬರ ಕೈಗೆ ಕೊಡಿ.

ವಿಷಯ ಇಷ್ಟು. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದಕ್ಕೆ ಲಿನಕ್ಸ್ ಹಾಕಿ, ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಜಾವಾ ಆವೃತ್ತಿಯ ಸರ್ವರ್ ನಡೆಸುತ್ತೇನೆ, ಅಂದರೆ ಗೆಳೆಯರು ಬಂದು ಸೇರುವ ಆಟದ ಲೋಕ ಅದರಲ್ಲೇ ಇರುತ್ತದೆ. ನಾನೂ ಸೇರಿ ಆಡುವವರು ಐದು ಜನ, ಎಲ್ಲರೂ ಒಟ್ಟಿಗೆ ಓದಿದವರು, ಈಗ ಒಬ್ಬೊಬ್ಬರು ಒಂದೊಂದು ಕಡೆ. ಶನಿವಾರ ರಾತ್ರಿ ಸೇರುತ್ತೇವೆ. ಆಟಕ್ಕಿಂತ ಹರಟೆಯೇ ಹೆಚ್ಚು ಅನ್ನುವುದು ಬೇರೆ ಮಾತು. ರೂಟರಿನಲ್ಲಿ ಟಿಸಿಪಿ 25565 ಪೋರ್ಟನ್ನು ಆ ಲ್ಯಾಪ್‌ಟಾಪಿಗೆ ಫಾರ್ವರ್ಡ್ ಮಾಡಿದ್ದೆ, ಅಂದರೆ ಹೊರಗಿನಿಂದ ಆ ಸಂಖ್ಯೆಯ ಬಾಗಿಲಿಗೆ ಬಂದದ್ದನ್ನು ರೂಟರು ಲ್ಯಾಪ್‌ಟಾಪಿಗೆ ದಾಟಿಸುತ್ತಿತ್ತು. ಒಂದೂವರೆ ವರ್ಷ ಏನೂ ತಕರಾರಿಲ್ಲದೆ ನಡೆಯಿತು. ಇಂಟರ್ನೆಟ್ಟಿನಲ್ಲಿ ನನ್ನ ಮನೆಯ ಗುರುತಾದ ಐಪಿ ವಿಳಾಸ ಆಗಾಗ ಬದಲಾಗುತ್ತಿತ್ತು, ಹೊಸದನ್ನು ಗುಂಪಿಗೆ ಕಳಿಸಿದರೆ ಮುಗಿಯಿತು.

ಒಂದು ಬುಧವಾರ ನಿಮ್ಮಿಂದ ಮೆಸೇಜು ಬಂತು: ‘ಉತ್ತಮ ಸೇವೆಗಾಗಿ ಇಂದು ಮಧ್ಯರಾತ್ರಿ ನಿರ್ವಹಣಾ ಕೆಲಸ ನಡೆಯಲಿದೆ.’ ಆ ಶನಿವಾರ ನಾಲ್ವರೂ ಕರೆಯಲ್ಲಿದ್ದರು, ಒಬ್ಬರಿಗೂ ಒಳಗೆ ಬರಲಾಗಲಿಲ್ಲ. ಎಲ್ಲರ ಪರದೆಯಲ್ಲೂ ಒಂದೇ ಸಾಲು: ‘ಕನೆಕ್ಷನ್ ಟೈಮ್ಡ್ ಔಟ್’. ಮೆಸೇಜಿಗೂ ಇದಕ್ಕೂ ಸಂಬಂಧವಿರಬಹುದು ಎಂದು ಆಗ ನನಗೆ ಹೊಳೆಯಲಿಲ್ಲ. ನನ್ನದೇ ತಪ್ಪಿರಬೇಕು ಅಂದುಕೊಂಡೆ.

ನಿಜ ಹೇಳಬೇಕೆಂದರೆ ಒಂದು ತಪ್ಪು ನನ್ನದೂ ಇತ್ತು. ಫಾರ್ವರ್ಡಿಂಗ್ ನಿಯಮ ಮನೆಯೊಳಗಿನ 192.168.1.10 ಎಂಬ ವಿಳಾಸಕ್ಕೆ ಹೋಗುತ್ತಿತ್ತು. ರೂಟರು ಆ ನಡುವೆ ಲ್ಯಾಪ್‌ಟಾಪಿಗೆ 192.168.1.14 ಕೊಟ್ಟಿತ್ತು. ವಿಳಾಸವನ್ನು ಆ ಯಂತ್ರಕ್ಕೇ ಕಾದಿರಿಸಿಡದೆ ಬಿಟ್ಟದ್ದು ನನ್ನ ಸೋಮಾರಿತನ. ಅದನ್ನು ಸರಿ ಮಾಡಿ, ಸಿಕ್ಕಿತು ಕಳ್ಳ ಎಂದು ಗುಂಪಿಗೆ ಹೇಳಿದೆ. ಮತ್ತೆ ಟೈಮ್ಡ್ ಔಟ್. ಆಮೇಲೆ ಒಂಬತ್ತು ರಾತ್ರಿ ಇದೇ ಕೆಲಸ.

ನಿಮ್ಮ ಸಹಾಯವಾಣಿಯವರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೇನೆ. ರೂಟರ್ ಆರಿಸಿ ಹತ್ತಿಸಿದೆ, ಎಷ್ಟು ಸಲ ಅಂತ ಲೆಕ್ಕ ಇಡಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿ ಅಂದರು, ಮಾಡಿದೆ. ವೈಫೈ ಹೆಸರು, ಪಾಸ್‌ವರ್ಡು, ಫಾರ್ವರ್ಡಿಂಗ್ ನಿಯಮ ಎಲ್ಲ ಅಳಿಸಿಹೋಯಿತು. ಅದನ್ನು ಮೊದಲಿನಿಂದ ಕೂರಿಸುವಷ್ಟರಲ್ಲಿ ಮನೆಯವರೆಲ್ಲರ ಬೈಗುಳ ತಿಂದಾಗಿತ್ತು. ಪೋರ್ಟ್ ಸಂಖ್ಯೆ ಬದಲಿಸಿ ಅಂದರು, ಬದಲಿಸಿದೆ. ಒಬ್ಬರು ಲ್ಯಾಪ್‌ಟಾಪನ್ನು ಡಿಎಂಜೆಡ್‌ಗೆ ಹಾಕಿ ಅಂದರು. ಅದೊಂದನ್ನು ಮಾತ್ರ ನಾನು ಮಾಡಲಿಲ್ಲ. ಒಂದು ಪೋರ್ಟ್ ತೆರೆಯಲಿಲ್ಲವೆಂದು ಇಡೀ ಯಂತ್ರವನ್ನು ಇಂಟರ್ನೆಟ್ಟಿಗೆ ಬಿಚ್ಚಿಡುವ ಸಲಹೆಯನ್ನು ಯಾವ ಗ್ರಾಹಕರಿಗೂ ಕೊಡಬೇಡಿ ಎಂದು ನಿಮ್ಮವರಿಗೆ ದಯವಿಟ್ಟು ತಿಳಿಸಿ. ಇನ್ನೊಬ್ಬರು, ‘ಇದು ಗೇಮಿನ ಪ್ರಾಬ್ಲಮ್ಮು, ಗೇಮ್ ಕಂಪನಿಗೇ ಕೇಳಿ’ ಅಂದರು. ಮತ್ತೊಬ್ಬರು ಹೆಚ್ಚು ವೇಗದ ಪ್ಲಾನಿಗೆ ಬನ್ನಿ ಅಂದರು.

ನಿಮ್ಮ ತಂತ್ರಜ್ಞರು ಮನೆಗೂ ಬಂದಿದ್ದರು. ಸೌಜನ್ಯದ ಹುಡುಗ, ಅವರ ಮೇಲೆ ನನ್ನ ದೂರಿಲ್ಲ. ಬಂದವರೇ ತಮ್ಮ ಮೊಬೈಲನ್ನು ವೈಫೈಗೆ ಸೇರಿಸಿ ಸ್ಪೀಡ್ ಟೆಸ್ಟ್ ಓಡಿಸಿದರು. ಮುಳ್ಳು ಬಲಗಡೆ ಪೂರ್ತಿ ಹೋಯಿತು. ‘ನೋಡಿ ಸಾರ್, ಸ್ಪೀಡು ಫುಲ್ ಬರ್ತಿದೆ’ ಅಂದರು. ನನ್ನ ತಕರಾರು ಸ್ಪೀಡಿನದಲ್ಲ ಅಂದೆ. ‘ಮತ್ತೆ ಯೂಟ್ಯೂಬ್ ಬರ್ತಿಲ್ವಾ?’ ಅಂತ ಕೇಳಿದರು. ಬರುತ್ತಿದೆ. ಯೂಟ್ಯೂಬಿಗೆ ಹೋಗುವುದು ನಾನು. ನನ್ನ ಗೆಳೆಯರು ನನ್ನಲ್ಲಿಗೆ ಬರಬೇಕು. ಈ ಎರಡರ ವ್ಯತ್ಯಾಸದಲ್ಲೇ ಇಡೀ ದೂರು ಅಡಗಿದೆ. ಅವರ ಫಾರಂನಲ್ಲಿ ಇದನ್ನು ಬರೆಯಲು ಜಾಗವೇ ಇರಲಿಲ್ಲ. ‘ಸ್ಪೀಡ್ ಸರಿಯಿದೆ’ ಎಂದು ಟಿಕ್ ಮಾಡಿ ಹೋದರು. ಎರಡನೇ ಸಲ ದೂರು ಮುಚ್ಚಿದ್ದು ಹಾಗೆ.

ಅವರು ಹೋದ ಮೇಲೆ ಊಹೆ ಬಿಟ್ಟು ಒಂದೊಂದಾಗಿ ಪರೀಕ್ಷಿಸಿದೆ. ಅದರ ವಿವರವನ್ನೇ ಇಲ್ಲಿ ಕೊಡುತ್ತಿದ್ದೇನೆ, ಮುಂದಿನ ಕರೆಯಲ್ಲಿ ಮತ್ತೆ ಇದನ್ನೇ ಮಾಡಿ ಅನ್ನಬಾರದಲ್ಲ.

ಮೊದಲು ಮನೆಯೊಳಗಿನ ಇನ್ನೊಂದು ಕಂಪ್ಯೂಟರಿನಿಂದ 192.168.1.14ಕ್ಕೆ ಸೇರಿದೆ. ತಕ್ಷಣ ಒಳಗೆ ಹೋದೆ. ಅಂದರೆ ಸರ್ವರ್ ನಡೆಯುತ್ತಿದೆ, ಲ್ಯಾಪ್‌ಟಾಪಿನ ಫೈರ್‌ವಾಲ್ ತಡೆಯುತ್ತಿಲ್ಲ. ಆಮೇಲೆ ಬೇಕೆಂದೇ ಸರ್ವರನ್ನು ನಿಲ್ಲಿಸಿ ಮತ್ತೆ ಪ್ರಯತ್ನಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂತು. ಈ ಎರಡು ಸಾಲುಗಳನ್ನು ನಿಮ್ಮ ಸಹಾಯವಾಣಿಯವರು ಒಂದೇ ಎಂದು ತಿಳಿದಿದ್ದಾರೆ, ಒಂದೇ ಅಲ್ಲ. ‘ರೆಫ್ಯೂಸ್ಡ್’ ಬಂದರೆ ಪ್ಯಾಕೆಟ್ಟು, ಅಂದರೆ ಕಳಿಸಿದ ಮಾಹಿತಿಯ ತುಣುಕು, ಯಂತ್ರದವರೆಗೆ ತಲುಪಿದೆ, ಅಲ್ಲಿ ಆ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರಿಲ್ಲ ಎಂದು ಯಂತ್ರವೇ ಉತ್ತರ ಕೊಟ್ಟಿದೆ. ‘ಟೈಮ್ಡ್ ಔಟ್’ ಅಂದರೆ ಉತ್ತರವೇ ಇಲ್ಲ. ದಾರಿಯಲ್ಲೆಲ್ಲೋ ಪ್ಯಾಕೆಟ್ಟನ್ನು ಎತ್ತಿ ಎಸೆದಿದ್ದಾರೆ. ಗೆಳೆಯರಿಗೆ ಸರ್ವರ್ ನಡೆಯುತ್ತಿದ್ದರೂ ನಿಂತಿದ್ದರೂ ಬರುತ್ತಿದ್ದದ್ದು ಟೈಮ್ಡ್ ಔಟ್ ಮಾತ್ರ.

ನಂತರ ಲ್ಯಾಪ್‌ಟಾಪಿನಲ್ಲಿ ಟಿಸಿಪಿಡಂಪ್ ಓಡಿಸಿ, ಪೋರ್ಟ್ 25565ಕ್ಕೆ ಬರುವ ಪ್ರತಿಯೊಂದು ಪ್ಯಾಕೆಟ್ಟೂ ಪರದೆಯ ಮೇಲೆ ಕಾಣುವಂತೆ ಇಟ್ಟುಕೊಂಡು ಗೆಳೆಯನಿಗೆ ಫೋನ್ ಮಾಡಿದೆ. ‘ಒತ್ತು’ ಅಂದೆ. ‘ಒತ್ತಿದೆ’ ಅಂದ. ಕಪ್ಪು ಪರದೆಯಲ್ಲಿ ಕರ್ಸರ್ ಮಿನುಗುತ್ತಿತ್ತು, ಅಷ್ಟೇ. ‘ಇನ್ನೊಂದ್ಸಲ ಒತ್ತು’ ಅಂದೆ. ಊಹೂಂ. ಮನೆಯೊಳಗಿನ ಕಂಪ್ಯೂಟರಿನಿಂದ ನಾನೇ ಒತ್ತಿದಾಗ ಸಾಲುಗಳು ಸರಸರನೆ ಇಳಿದವು. ಅವನದು ಒಂದೂ ಇಲ್ಲ. ಒಂದೂವರೆ ವರ್ಷ ಬರುತ್ತಿದ್ದ ದಾರಿಯಲ್ಲಿ ಒಂದು ಪ್ಯಾಕೆಟ್ಟೂ ನನ್ನ ಲ್ಯಾಪ್‌ಟಾಪಿಗೆ ಮುಟ್ಟುತ್ತಿಲ್ಲ.

ಉಳಿದದ್ದು ರೂಟರು. ಅದರ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಂಬ ಸಾಲಿದೆ, ರೂಟರಿನ ಹೊರಮುಖಕ್ಕೆ ನೀವು ಕೊಟ್ಟ ವಿಳಾಸ ಅದು. ಅಲ್ಲಿದ್ದ ವಿಳಾಸ 100.72ರಿಂದ ಶುರುವಾಗುತ್ತಿತ್ತು. ‘ನನ್ನ ಐಪಿ ಯಾವುದು’ ಎಂದು ತೋರಿಸುವ ವೆಬ್‌ಸೈಟಿನಲ್ಲಿ ಇದ್ದದ್ದು ಬೇರೆಯೇ. ಹಿಂದೆ ನಾನು ಗುಂಪಿಗೆ ಕಳಿಸಿದ ಸ್ಕ್ರೀನ್‌ಶಾಟುಗಳನ್ನು ತೆಗೆದು ನೋಡಿದೆ. ಆ ಬುಧವಾರದವರೆಗೆ ಎರಡೂ ಕಡೆ ಒಂದೇ ವಿಳಾಸ ಇರುತ್ತಿತ್ತು.

ಇದರ ಅರ್ಥ ನಿಮ್ಮ ನೆಟ್‌ವರ್ಕ್ ತಂಡಕ್ಕೆ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಸಹಾಯವಾಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಬರೆಯುತ್ತೇನೆ. 100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರ ಏಪ್ರಿಲಿನಲ್ಲಿ ಆರ್‌ಎಫ್‌ಸಿ 6598 ಎಂಬ ದಾಖಲೆ ಇಂಟರ್ನೆಟ್ ಸೇವೆ ಕೊಡುವವರ ಒಳಬಳಕೆಗೆಂದು ತೆಗೆದಿರಿಸಿತು. ಹೊರಗಿನ ಇಂಟರ್ನೆಟ್ಟಿನಿಂದ ಈ ವಿಳಾಸಕ್ಕೆ ಯಾರೂ ಬರಲಾರರು. ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುವ ಈ ಏರ್ಪಾಡಿಗೆ ಸಿಜಿ-ನ್ಯಾಟ್ ಅನ್ನುತ್ತಾರೆ. ಒಳಗಿನಿಂದ ನಾನು ಹೊರಗೆ ಹೋದಾಗ ನಿಮ್ಮ ಯಂತ್ರ ಅದನ್ನು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ, ಉತ್ತರ ಬಂದಾಗ ಪಟ್ಟಿ ನೋಡಿ ನನಗೆ ತಲುಪಿಸುತ್ತದೆ. ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುವುದು ಅದಕ್ಕೇ. ಹೊರಗಿನವರೇ ಮೊದಲು ಬಂದು 25565 ಎಂದು ಕೇಳಿದರೆ ಯಾವ ಮನೆಗೆ ಕಳಿಸಬೇಕೆಂದು ಪಟ್ಟಿಯಲ್ಲಿ ಇರುವುದಿಲ್ಲ, ಎಸೆದುಬಿಡುತ್ತದೆ. ನನ್ನ ರೂಟರಿನಲ್ಲಿ ನೂರು ನಿಯಮ ಬರೆದರೂ ನಿಮ್ಮ ಯಂತ್ರದಲ್ಲಿ ಒಂದೂ ಬರೆದಂತಾಗುವುದಿಲ್ಲ. ನನ್ನ ಒಂಬತ್ತು ರಾತ್ರಿಗಳು ಹಾಗೆ ಹೋದವು.

ನೀವು ಹೀಗೆ ಮಾಡಿದ್ದೇಕೆ ಎಂಬುದು ನನಗೆ ಅರ್ಥವಾಗುತ್ತದೆ. ಐಪಿ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಗಿದೆ. ಹಂಚಿಕೊಳ್ಳಬೇಕು, ಸರಿ. ನನ್ನ ಹಾಗೆ ಹೊರಗಿನಿಂದ ಸಂಪರ್ಕ ಬೇಕಾದವರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದಾರು, ಅದೂ ಸರಿ. ಆದರೆ ನನ್ನ ವಿಳಾಸ ತೆಗೆದುಕೊಂಡಿರಿ ಎಂಬುದನ್ನು ನನಗೆ ಹೇಳಬೇಕಿತ್ತು. ‘ಉತ್ತಮ ಸೇವೆಗಾಗಿ’ ಎಂದು ಕಳಿಸಿದ ಮೆಸೇಜಿನಲ್ಲೇ ಇನ್ನೊಂದು ವಾಕ್ಯ ಸೇರಿಸಿದ್ದರೆ ಸಾಕಿತ್ತು. ಅದಕ್ಕಿಂತ ಬೇಸರದ ಸಂಗತಿ, ನಿಮ್ಮ ಸಹಾಯವಾಣಿಯವರಿಗೂ ಹೇಳಿಲ್ಲ. ಪಾಪ, ಅವರು ತಮ್ಮ ಮುಂದಿದ್ದ ಪಟ್ಟಿಯನ್ನು ಓದಿ ಹೇಳಿದರು. ಆ ಪಟ್ಟಿಯಲ್ಲಿ ತಪ್ಪು ಯಾವಾಗಲೂ ಗ್ರಾಹಕರ ಮನೆಯಲ್ಲೇ ಇರುತ್ತದೆ.

ಬೇರೆ ದಾರಿಯಿಲ್ಲವೇ ಎಂದು ಕೇಳಬಹುದು. ಇದೆ. ನಡುವೆ ಇನ್ನೊಬ್ಬರ ಸರ್ವರ್ ಇಟ್ಟು ಅದರ ಮೂಲಕ ಟನಲ್ ಹಾಕುವ ಸೇವೆಗಳಿವೆ, ಒಂದು ವಾರ ಬಳಸಿ ನೋಡಿದೆ. 35 ಮಿಲಿಸೆಕೆಂಡ್ ಇದ್ದ ಪಿಂಗ್, ಅಂದರೆ ಮಾಹಿತಿ ಹೋಗಿಬರಲು ಹಿಡಿಯುವ ಸಮಯ, 150 ದಾಟಿತು. ಆಟದಲ್ಲಿ ಒಡೆದ ಕಲ್ಲು ಅರೆಕ್ಷಣ ಅಲ್ಲೇ ನಿಂತು ಆಮೇಲೆ ಮಾಯವಾಗುತ್ತಿತ್ತು. ಈ ಆಟದ ಸರ್ವರ್ ಸೆಕೆಂಡಿಗೆ 20 ಸಲ, ಅಂದರೆ 50 ಮಿಲಿಸೆಕೆಂಡಿಗೊಮ್ಮೆ, ತನ್ನ ಲೋಕವನ್ನು ಮುಂದಕ್ಕೆ ನಡೆಸುತ್ತದೆ. ಗೆಳೆಯರು ಸದಾ ಎರಡು ಮೂರು ಹೆಜ್ಜೆ ಹಿಂದಿದ್ದರು. ಅಲ್ಲದೆ, ನಿಮಗೆ ಹಣ ಕಟ್ಟಿ ಪಡೆದ ಸಂಪರ್ಕವನ್ನು ಸರಿದೂಗಿಸಲು ಇನ್ನೊಬ್ಬರ ಸೇವೆಯ ಮೊರೆ ಹೋಗಬೇಕೇ?

ನನ್ನ ಸರ್ವರಿನಿಂದ ಯಾವ ಹಣವೂ ಬರುವುದಿಲ್ಲ. ನಿಮ್ಮ ಷರತ್ತುಗಳನ್ನು ಓದಿದ್ದೇನೆ. ಅಲ್ಲಿ ಬೇಡವೆಂದಿರುವುದು ವಾಣಿಜ್ಯ ಬಳಕೆಯನ್ನು ಮಾತ್ರ.

ಈಗ ನನಗೆ ಬೇಕಾದದ್ದು. ನನ್ನ ಸಂಪರ್ಕವನ್ನು ಸಿಜಿ-ನ್ಯಾಟ್‌ಗೆ ಬದಲಿಸಿದ್ದೀರಾ, ಯಾವ ದಿನದಿಂದ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ. ಮೊದಲಿದ್ದಂತೆ ಸಾರ್ವಜನಿಕ ಐಪಿವಿ4 ವಿಳಾಸ ಕೊಡಿ, ಆಗಾಗ ಬದಲಾದರೂ ಚಿಂತೆಯಿಲ್ಲ, ನನಗೆ ಸ್ಥಿರ ವಿಳಾಸವೇ ಬೇಕೆಂದಿಲ್ಲ. ಅದು ಸಾಧ್ಯವೇ ಇಲ್ಲವೆಂದಾದರೆ ಇನ್ನೊಂದು ದಾರಿ ನಿಮ್ಮ ಕೈಯಲ್ಲೇ ಇದೆ. ನೀವು ನನಗೆ ಐಪಿವಿ6, ಅಂದರೆ ವಿಳಾಸಗಳಿಗೆ ಕೊರತೆಯಿಲ್ಲದ ಹೊಸ ಪದ್ಧತಿ, ಕೊಡುತ್ತಿದ್ದೀರಿ. ಲ್ಯಾಪ್‌ಟಾಪಿಗೆ ಸಾರ್ವಜನಿಕ ಐಪಿವಿ6 ವಿಳಾಸ ಬಂದಿದೆ, ಅಲ್ಲಿ ವಿಳಾಸ ಹಂಚಿಕೊಳ್ಳುವ ನ್ಯಾಟಿನ ಗೊಡವೆಯೇ ಇಲ್ಲ. ಆದರೆ ನೀವು ಕೊಟ್ಟ ರೂಟರು ಒಳಬರುವ ಐಪಿವಿ6 ಸಂಪರ್ಕಗಳನ್ನು ತಡೆಯುತ್ತಿದೆ, ಆ ಫೈರ್‌ವಾಲ್ ಪುಟ ಗ್ರಾಹಕರ ಲಾಗಿನ್‌ನಲ್ಲಿ ತೆರೆಯುವುದಿಲ್ಲ. ತಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಹಾಗೆಯೇ ಇರಲಿ. ಒಂದೇ ಒಂದು ಪೋರ್ಟ್ ತೆರೆಯುವ ಅವಕಾಶ ಕೊಡಿ, ಇಲ್ಲವೇ ನೀವೇ ಅಲ್ಲಿಂದ ತೆರೆದುಕೊಡಿ. ನಾಲ್ವರಲ್ಲಿ ಮೂವರ ಬಳಿ ಐಪಿವಿ6 ಇದೆ, ಅಷ್ಟಾದರೂ ಶನಿವಾರ ನಡೆಯುತ್ತದೆ. ನಾಲ್ಕನೆಯವನು ಸದ್ಯ ಮುನಿಸಿಕೊಂಡಿದ್ದಾನೆ, ಅವನನ್ನು ನಾನು ನೋಡಿಕೊಳ್ಳುತ್ತೇನೆ.

ದೂರನ್ನು ಮತ್ತೆ ತೆರೆಯಿರಿ. ಈ ಸಲ ನಾನು ‘ಸರಿಯಾಯಿತು’ ಎಂದು ಹೇಳುವ ತನಕ ಮುಚ್ಚಬೇಡಿ. ರೂಟರಿನ ಸ್ಟೇಟಸ್ ಪುಟದ ಹಳೆಯ ಮತ್ತು ಹೊಸ ಚಿತ್ರಗಳು, ಟಿಸಿಪಿಡಂಪ್ ದಾಖಲೆ, ಮೂರು ದೂರುಗಳ ಸಂಖ್ಯೆ ಇವನ್ನೆಲ್ಲ ಲಗತ್ತಿಸಿದ್ದೇನೆ. ಹದಿನೈದು ದಿನಗಳಲ್ಲಿ ಉತ್ತರ ಬರದಿದ್ದರೆ ಇದೇ ಪತ್ರವನ್ನು ನಿಮ್ಮ ಮೇಲ್ಮನವಿ ಅಧಿಕಾರಿಗೆ ಕಳಿಸುತ್ತೇನೆ.

ಕರೆ ಮಾಡುವುದಾದರೆ ಸಂಜೆ ಏಳರ ನಂತರ ಮಾಡಿ. ಪತ್ರ ಮುಗಿಸುವ ಮುಂಚೆ ರೂಟರನ್ನು ಇನ್ನೊಮ್ಮೆ ಆರಿಸಿ, ಐದು ನಿಮಿಷ ಬಿಟ್ಟು ಹತ್ತಿಸಿದ್ದೇನೆ. ವ್ಯಾನ್ ಐಪಿ ಈಗಲೂ 100.72ರಿಂದಲೇ ಶುರುವಾಗುತ್ತಿದೆ.

ಇಂತಿ,
ನಿಮ್ಮ ಗ್ರಾಹಕ