ಭೂಗೋಳದ ಅಧ್ಯಾಪಕಿಯಾದ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಪದವಿ ಕಾಲೇಜಿನಲ್ಲಿ ಭೂಗೋಳಶಾಸ್ತ್ರದ ಪಾಠ ಆರಂಭಿಸಿದ ಮೇಲೆ ನೀನು ಬರೆದ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಾನು ಕಂಡ ಬೆಟ್ಟ, ಕಣಿವೆ, ಕಡಲತೀರಗಳನ್ನು ನೀನಿನ್ನೂ ಕಂಡಿಲ್ಲವೆಂದೂ, ಕಾಣದ್ದನ್ನು ಕಂಡವಳಂತೆ ಹೇಳುವಾಗ ಸಂಕೋಚವಾಗುತ್ತದೆಂದೂ ಬರೆದಿದ್ದೀಯ. ವೃತ್ತಿಯುದ್ದಕ್ಕೂ ರಜೆ ಸಿಕ್ಕಾಗಲೆಲ್ಲ ಚೀಲ ಹೆಗಲಿಗೇರಿಸಿ ಹೊರಟವಳು ನಾನಾದ್ದರಿಂದ ಇದಕ್ಕೆ ಉತ್ತರ ಹೇಳುವ ಹೊಣೆಯೂ ನನ್ನದೇ. ನಮ್ಮ ವಿಷಯಕ್ಕೆ ಪ್ರವಾಸ ಖಂಡಿತ ಬೇಕು. ಆದರೆ ಪ್ರಶ್ನೆಯಿಲ್ಲದೆ ಮಾಡಿದ ಪ್ರವಾಸಕ್ಕಿಂತ ನಕಾಶೆಯನ್ನು ಹರಡಿಕೊಂಡು ಕುಳಿತ ಒಂದು ಮಧ್ಯಾಹ್ನ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬ್ರಿಟಿಷರ ಕಾಲದ ಭಾರತದ ಸರ್ವೇಕ್ಷಣೆಯಲ್ಲಿ ಲೆಕ್ಕದ ಕೆಲಸ ಮಾಡುತ್ತಿದ್ದ ಗಣಿತಜ್ಞ ರಾಧಾನಾಥ ಸಿಕ್ದಾರರನ್ನು ನೆನೆದುಕೋ. ನೇಪಾಳದ ಗಡಿ ಸರ್ವೇಕ್ಷಕರಿಗೆ ಮುಚ್ಚಿದ್ದ ಕಾಲದಲ್ಲಿ, 160 ಕಿಲೋಮೀಟರಿಗೂ ಹೆಚ್ಚು ದೂರದ ಬಯಲಿನಿಂದ ಇತರರು ಅಳೆದು ತಂದ ಕೋನಗಳನ್ನು ಇಟ್ಟುಕೊಂಡು, ಬೆಳಕು ಗಾಳಿಯಲ್ಲಿ ಬಾಗುವುದರಿಂದ ಬರುವ ವ್ಯತ್ಯಾಸವನ್ನೂ ಕಳೆದು, ಹದಿನೈದನೆಯ ಶಿಖರವೆಂದಷ್ಟೇ ಗುರುತಿಸಲಾಗಿದ್ದ ಬೆಟ್ಟವೇ, ಅಂದರೆ ಇಂದಿನ ಎವರೆಸ್ಟೇ, ಜಗತ್ತಿನ ಅತ್ಯುನ್ನತ ಶಿಖರವೆಂದು ಅವರು 1852ರ ವೇಳೆಗೆ ಲೆಕ್ಕ ಹಾಕಿ ತೋರಿಸಿದರು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಘೋಷಿಸಿದ 8,848.86 ಮೀಟರಿಗೂ ಇದಕ್ಕೂ ಇರುವ ಅಂತರ ಸುಮಾರು 30 ಅಡಿ ಮಾತ್ರ. ಆ ಶಿಖರದ ಬುಡವನ್ನೂ ತುಳಿಯದ ಒಬ್ಬ ಗಣಿತಜ್ಞರ ಕೆಲಸ ಇದು.

ನನ್ನ ಮನಸ್ಸಿಗೆ ಇನ್ನೂ ಹತ್ತಿರದವರು ಸಾಗರತಳದ ನಕಾಶೆ ಬರೆದ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್. ಸಂಶೋಧನಾ ಹಡಗುಗಳಿಗೆ ಹೆಂಗಸರನ್ನು ಹತ್ತಿಸದಿದ್ದ ದಿನಗಳಲ್ಲಿ, ಸಹೋದ್ಯೋಗಿ ಬ್ರೂಸ್ ಹೀಜನ್ ಮತ್ತಿತರರು ಸಮುದ್ರದಿಂದ ಕಳುಹಿಸಿದ ಆಳದ ಅಳತೆಗಳನ್ನು ಅವರು ದಡದಲ್ಲಿಯೇ ಕುಳಿತು ಒಂದೊಂದಾಗಿ ಹಾಳೆಗಿಳಿಸಿದರು. ಹಾಗೆ ಗೆರೆ ಎಳೆಯುತ್ತಿರುವಾಗ ಅಟ್ಲಾಂಟಿಕ್ ಸಾಗರದ ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಒಂದು ಸೀಳುಕಣಿವೆ, ಅಂದರೆ ನೆಲ ಎರಡು ಬದಿಗೆ ಸರಿದು ಬಿರಿದಾಗ ಉಂಟಾಗುವ ಕಣಿವೆ, ಹಾದುಹೋಗಿರುವುದು ಅವರಿಗೆ ಕಂಡಿತು. ಹೀಜನ್ ಮೊದಲು ಒಪ್ಪಲಿಲ್ಲ. ಸಾಗರತಳದ ಭೂಕಂಪಗಳ ಕೇಂದ್ರಗಳನ್ನು ಅದೇ ಅಳತೆಯ ನಕಾಶೆಯಲ್ಲಿ ಗುರುತಿಸಿದಾಗ ಅವೆಲ್ಲ ಆ ಕಣಿವೆಯ ಗುಂಟವೇ ಸಾಲಾಗಿ ಬಂದವು. ಖಂಡಗಳು ಚಲಿಸುತ್ತವೆ ಎಂದು 1912ರಲ್ಲಿಯೇ ಆಲ್ಫ್ರೆಡ್ ವೆಗನರ್ ಮುಂದಿಟ್ಟಿದ್ದ, ಬಹುಕಾಲ ತಿರಸ್ಕಾರಕ್ಕೆ ಗುರಿಯಾದ ವಿಚಾರಕ್ಕೆ ದೊರೆತ ಬಲವಾದ ಆಧಾರಗಳಲ್ಲಿ ಇದೂ ಒಂದು. ಭೂಮಿಯ ಹೊರಪದರದ ಫಲಕಗಳ ಚಲನೆಯ ಪಾಠ ಮಾಡುವಾಗ ಥಾರ್ಪ್ ಅವರ ಹೆಸರನ್ನು ಬಿಡಬೇಡ. ನಮ್ಮ ತರಗತಿಗಳಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಅದನ್ನು ಕೇಳಲೇಬೇಕು.

ನಾನು ಕೆಲಸಕ್ಕೆ ಸೇರಿದಾಗ ವಿಭಾಗದ ಆಸ್ತಿಯೆಂದರೆ ಬಯಲಿನಲ್ಲಿಯೇ ನಕಾಶೆ ಬರೆಯುವ ಪ್ಲೇನ್ ಟೇಬಲ್, ಅಳತೆಯ ಸರಪಳಿ, ಪ್ರಿಸ್ಮ್ಯಾಟಿಕ್ ದಿಕ್ಸೂಚಿ ಮತ್ತು ನೆಲದ ಏರುತಗ್ಗುಗಳನ್ನು ತೋರಿಸುವ ಸರ್ವೇಕ್ಷಣಾ ನಕಾಶೆಗಳಾದ ಟೋಪೋಶೀಟುಗಳ ಒಂದು ಕಟ್ಟು. ಪ್ರಯೋಗದ ಹಂತ ದಾಟಿ ನಿತ್ಯ ಬಳಕೆಗೆಂದು ಹಾರಿಸಿದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರಲ್ಲಿ ಕಕ್ಷೆ ಸೇರಿದ್ದರೂ ಅದರ ಚಿತ್ರಗಳು ನಮ್ಮಂಥ ಕಾಲೇಜುಗಳ ಮೇಜಿಗೆ ಬರಲು ಬಹಳ ಕಾಲ ಹಿಡಿಯಿತು. ಈಗ ನಿನ್ನ ವಿದ್ಯಾರ್ಥಿಗಳ ಮೊಬೈಲಿನಲ್ಲಿಯೇ ಇಡೀ ಭೂಮಿಯ ಚಿತ್ರವಿದೆ. ಅದು ಒಳ್ಳೆಯದೇ. ಆದರೂ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಯನ್ನು ಕೈಯಿಂದ ಎಳೆಯುವ ಅಭ್ಯಾಸವನ್ನು ತಪ್ಪಿಸಬೇಡ ಎಂಬುದು ನನ್ನ ಆಗ್ರಹ, ಏಕೆಂದರೆ ಗೆರೆಗಳು ಒತ್ತೊತ್ತಾಗಿ ಬಂದು ಪೆನ್ಸಿಲ್ ಆಡಿಸಲು ಜಾಗವೇ ಸಿಗದಿದ್ದಾಗ ಇಳಿಜಾರು ಎಷ್ಟು ಕಡಿದಾಗಿದೆ ಎಂಬುದು ಬೆರಳಿಗೇ ತಿಳಿಯುತ್ತದೆ.

ಪ್ರಯಾಣದ ಮಾತಿಗೆ ಬರುತ್ತೇನೆ. ಒಮ್ಮೆ ಬಯಲುಸೀಮೆಯ ಒಬ್ಬ ವಿದ್ಯಾರ್ಥಿ, ಅದೇ ಮುಂಗಾರಿನ ಮೋಡ ತಮ್ಮ ಊರಿನ ಮೇಲೂ ಹಾದುಹೋಗುತ್ತದೆ, ಮಳೆ ಮಾತ್ರ ಏಕೆ ಬರುವುದಿಲ್ಲ ಎಂದು ಕೇಳಿದ. ಮಳೆಯ ನೆರಳಿನ ಪ್ರದೇಶವೆಂದು ಎರಡು ವಾಕ್ಯಗಳಲ್ಲಿ ಮುಗಿಸಬಹುದಾಗಿತ್ತು. ಅದರ ಬದಲು ಇಡೀ ತರಗತಿಯನ್ನು ಆಗುಂಬೆಯಿಂದ ಚಳ್ಳಕೆರೆಯವರೆಗೆ ಬಸ್ಸಿನಲ್ಲಿ ಕರೆದೊಯ್ದೆ. ನೇರ ಗೆರೆ ಎಳೆದರೆ ಇವೆರಡರ ನಡುವೆ 200 ಕಿಲೋಮೀಟರಿಗಿಂತ ಕಡಿಮೆ ದೂರ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರನ್ನು ದಾಟುತ್ತದೆ. ಚಳ್ಳಕೆರೆಯಲ್ಲಿ 500 ತಲುಪುವುದೇ ಕಷ್ಟ. ದಾರಿಯುದ್ದಕ್ಕೂ ಮನೆಗಳ ಮಾಡು, ಬೆಳೆ, ಮಣ್ಣಿನ ಬಣ್ಣ, ಬಾವಿಗಳ ಆಳ ಇಷ್ಟನ್ನು ಮಾತ್ರ ಬರೆದುಕೊಳ್ಳಿ ಎಂದಿದ್ದೆ. ಕಡಿದಾದ ಹೆಂಚಿನ ಮಾಡುಗಳು ಹೋಗಿ ಚಪ್ಪಟೆ ಮಾಳಿಗೆಗಳು ಬಂದವು, ಅಡಿಕೆ ಮತ್ತು ಭತ್ತದ ಜಾಗಕ್ಕೆ ಮೆಕ್ಕೆಜೋಳ, ಮುಂದೆ ಶೇಂಗಾ ಮತ್ತು ಕುರಿಮಂದೆಗಳು ಬಂದವು. ಘಟ್ಟವನ್ನೇರುವಾಗ ತಣಿದು ನೀರನ್ನೆಲ್ಲ ಸುರಿಸಿದ ಗಾಳಿ ಆಚೆ ಬದಿಗೆ ಇಳಿಯುತ್ತಾ ಬಿಸಿಯಾಗಿ ಒಣಗುತ್ತದೆ ಎಂಬುದನ್ನು ಸಂಜೆ ನಾನು ವಿವರಿಸುವ ಮೊದಲೇ ಆ ಹುಡುಗ ತನ್ನ ಟಿಪ್ಪಣಿಯಿಂದ ತಾನೇ ಓದಿ ಹೇಳಿದ. ನನ್ನ ವೃತ್ತಿಯಲ್ಲಿ ಅದಕ್ಕಿಂತ ಸಂತೋಷದ ಸಂಜೆ ನೆನಪಿಗೆ ಬರುವುದಿಲ್ಲ.

ದೂರದ ಊರುಗಳಿಗೂ ಹೀಗೆಯೇ ಹೋದೆ. ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಲಾಂಗ್ಜಾ ಹಳ್ಳಿ ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಕಪ್ಪು ಶಿಲೆಗಳಲ್ಲಿ ಕಡಲಜೀವಿಗಳಾದ ಅಮೊನೈಟುಗಳ ಸುರುಳಿ ಪಳೆಯುಳಿಕೆಗಳಿವೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತೆಂದು ವರ್ಷಗಟ್ಟಲೆ ಪಾಠ ಹೇಳಿದ್ದೆನಾದ್ದರಿಂದ, ಆ ಕಲ್ಲನ್ನು ಮುಟ್ಟಿದಾಗ ನನಗೆ ಹೊಸ ವಿಷಯವೇನೂ ತಿಳಿಯಲಿಲ್ಲ. ತಿಳಿದಿದ್ದ ವಿಷಯದ ಮೇಲಿನ ನಂಬಿಕೆ ಗಟ್ಟಿಯಾಯಿತು. ನೋಡಿ, ಚಿತ್ರ ಬರೆದುಕೊಂಡು, ಕಲ್ಲನ್ನು ಅಲ್ಲಿಯೇ ಬಿಟ್ಟು ಬಂದೆ. ನಿನಗೂ ಅಲ್ಲಿಗೆ ಹೋಗುವ ಕಾಲ ಬರುತ್ತದೆ, ಅವಸರವಿಲ್ಲ.

ಮೊದಲ ಕ್ಷೇತ್ರ ಅಧ್ಯಯನಕ್ಕೆ ಪಶ್ಚಿಮ ಘಟ್ಟದ ಬಿಸಿಲೆ ಘಾಟಿಯನ್ನು ಆರಿಸಿಕೋ. ಅಲ್ಲಿನ ಜಲವಿಭಾಜಕದ ಒಂದು ಬದಿಗೆ ಬಿದ್ದ ಮಳೆ ಕುಮಾರಧಾರಾ ಮತ್ತು ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೂ, ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ ಮತ್ತು ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೂ ಸೇರುತ್ತದೆ. ಹೊರಡುವ ವಾರ ಮೊದಲೇ 1:50,000 ಪ್ರಮಾಣದ ಟೋಪೋಶೀಟಿನ ಮೇಲೆ ಆ ವಿಭಾಜಕ ರೇಖೆಯನ್ನು ವಿದ್ಯಾರ್ಥಿಗಳಿಂದಲೇ ಎಳೆಸು, ಅಲ್ಲಿ ನಿಂತು ಅದನ್ನು ನೆಲದೊಡನೆ ಹೋಲಿಸಲಿ. ಮಳೆಗಾಲದಲ್ಲಿ ಮಂಜು ಮುಚ್ಚಿರುತ್ತದೆ, ಜಿಗಣೆಗಳೂ ಹೆಚ್ಚು. ನವೆಂಬರ್ ಅಥವಾ ಡಿಸೆಂಬರ್ ಸೂಕ್ತ. ಅರಣ್ಯ ಇಲಾಖೆಗೆ ಮುಂಚಿತವಾಗಿ ಪತ್ರ ಬರೆ. ದಿನ ನಿಗದಿಯಾದರೆ ತಿಳಿಸು, ನಿನಗೆ ಅಡ್ಡಿಯಿಲ್ಲವಾದರೆ ನಾನೂ ಬರುತ್ತೇನೆ.

ಇಂತಿ,
ನಿನ್ನ ಅಮ್ಮ